ಉದ್ದ ಲೋಟ, ಅಗಲ ಲೋಟ

ಟೀಚರ್: ಬರೆದದ್ದು ಬರೆದಾಯ್ತು ಆಯಮ್ಮ. ಅಳಿಸೋಕೆ ಅದು ಪೆನ್ಸಿಲ್ ಅಲ್ಲ.

ಆಯಮ್ಮ: ಇನ್ನೊಂದು ಸಲ ಓದಿ. ನನ್ನ ಕಿವಿ ಮೇಲೆ ನನಗೇ ಅನುಮಾನ.

ಟೀಚರ್: 'ಹೊಟ್ಟೆಕಿಚ್ಚಿನ ಸ್ವಭಾವ. ವಿಪರೀತ ಹಠ. ಮುಂದಿನ ತರಗತಿಗೆ ಒಂದು ವರ್ಷ ಬಿಟ್ಟು ನೋಡಬಹುದು.'

ಆಯಮ್ಮ: ನಾಲ್ಕು ವರ್ಷದ ಪುಟ್ಟಿ ಬಗ್ಗೆ ತಾನೆ? ಯಾರೋ ಅತ್ತೆ ಸೊಸೆ ಬಗ್ಗೆ ಬರೆದದ್ದು ಅಂದ್ಕೊಂಡೆ.

ಶಿಶುವಿಹಾರದ ಮಕ್ಕಳು ಚಾಪೆಯ ಮೇಲೆ ನಿದ್ದೆಹೋಗಿದ್ದರಿಂದ ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಬೇಕಾಗಿತ್ತು. ಹನ್ನೆರಡಕ್ಕೆ ಪುಟ್ಟಿಯ ತಾಯಿ ಬಂದು ವರದಿ ಒಯ್ಯುವವಳಿದ್ದಳು. ಇನ್ನು ಹತ್ತು ನಿಮಿಷ. ಟೀಚರ್ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ತರಬೇತಿಯ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ ಮೂರು ತಿಂಗಳಿಗೆ ಒಂದು ದಿನ ಕಮ್ಮಿ.

ಟೀಚರ್: ನೀವು ರಜ ಹಾಕಿದ ನಾಲ್ಕೂ ದಿನ ಒಂದೇ ಗೋಳು. ಹಾಲು ಕೊಟ್ಟ ಕೂಡಲೇ 'ಪಕ್ಕದವಳಿಗೆ ಜಾಸ್ತಿ, ನಂಗೆ ಕಮ್ಮಿ.' ಕೊನೆಗೆ ಅವಳ ಕಣ್ಣೆದುರೇ ಅಳೆದು ಸುರಿದೆ. ಇವಳಿಗೊಂದು ಕಪ್, ಅವಳಿಗೊಂದು ಕಪ್.

ಆಯಮ್ಮ: ಆಮೇಲೆ?

ಟೀಚರ್: ಹೂಂ ಅಂದ್ಲು. ಲೋಟ ನೋಡಿ ಮತ್ತೆ ಅತ್ತಳು.

ಆಯಮ್ಮ: ನೀವೇನು ಮಾಡಿದ್ರಿ?

ಟೀಚರ್: ಸಮಾನತೆ ಬಗ್ಗೆ ತಿಳಿಸಿ ಹೇಳಿದೆ.

ಆಯಮ್ಮ: ಎಷ್ಟು ಹೊತ್ತು?

ಟೀಚರ್: ಹಾಲಿನ ಮೇಲೆ ಕೆನೆ ಕಟ್ಟೋವರೆಗೂ.

ಆಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಕ್ಕಳು ಎದ್ದಾರೆಂಬ ಭಯಕ್ಕಿರಬೇಕು ಎಂದು ಟೀಚರ್ ತನಗೆ ತಾನೇ ಹೇಳಿಕೊಂಡಳು.

ಆಯಮ್ಮ: ಪುಟ್ಟಿಗೆ ಯಾವ ಲೋಟ ಕೊಟ್ರಿ?

ಟೀಚರ್: ಆ ಅಗಲದ್ದು, ಗಿಡ್ಡದ್ದು.

ಆಯಮ್ಮ: ಪಕ್ಕದವಳಿಗೆ?

ಟೀಚರ್: ಉದ್ದದ್ದು, ಸಪೂರದ್ದು. ಲೋಟ ಯಾವುದಾದ್ರೇನು, ಒಳಗಿರೋ ಹಾಲು ಅಷ್ಟೇ ತಾನೆ...

ಟೀಚರಿಗೆ ತಟ್ಟನೆ ನೆನಪಾಯಿತು. ತರಬೇತಿಯ ಪರೀಕ್ಷೆಗೆ ಇದೇ ಪ್ರಶ್ನೆ ಬಂದಿತ್ತು. 'ಈ ವಯಸ್ಸಿನ ಮಗು ಎತ್ತರ ನೋಡಿ ಪ್ರಮಾಣ ನಿರ್ಧರಿಸುತ್ತದೆ. ಇದು ಹಠವಲ್ಲ, ಬೆಳವಣಿಗೆಯ ಒಂದು ಹಂತ' ಎಂದು ಒಂದೂವರೆ ಪುಟ ತುಂಬಿಸಿ, ಎರಡು ಲೋಟಗಳ ಚಿತ್ರ ಬರೆದು, ಹತ್ತಕ್ಕೆ ಹತ್ತು ಗಿಟ್ಟಿಸಿದ್ದಳು. ನಾಲ್ಕು ದಿನ ಆ ಎರಡೂ ಲೋಟಗಳು ಅವಳ ಕೈಯಲ್ಲೇ ಇದ್ದವು. ಗುರುತು ಸಿಗಲಿಲ್ಲ. ಚಿತ್ರದಲ್ಲಿ ಹಾಲಿನ ಬದಲು ನೀರಿತ್ತು, ಅಷ್ಟೇ.

ಟೀಚರ್: ಇದನ್ನ ನೀವು ಎಲ್ಲಿ ಓದಿದ್ರಿ ಆಯಮ್ಮ?

ಆಯಮ್ಮ: ಓದೋದೇನು ಬಂತು ಟೀಚರಮ್ಮ. ಎಲ್ಲರಿಗೂ ಒಂದೇ ಥರದ ಲೋಟ ಇಡ್ತೀನಿ. ಅಳು ಇಲ್ಲ.

ಟೀಚರ್ ವರದಿಯನ್ನು ಸದ್ದಾಗದಂತೆ ನಾಲ್ಕು ಚೂರು ಮಾಡಿ ಹೊಸ ಹಾಳೆ ತೆಗೆದಳು. 'ಪುಟ್ಟಿ ವಯಸ್ಸಿಗೆ ತಕ್ಕಂತೆ ಚೆನ್ನಾಗಿ ಬೆಳೆಯುತ್ತಿದ್ದಾಳೆ. ಮುಂದಿನ ತರಗತಿಗೆ ಕಳಿಸಬಹುದು.' ಶಾಯಿ ಆರುವ ಮೊದಲೇ ತಾಯಿ ಬಂದಳು, ಓದಿದಳು, ನಿದ್ದೆಗಣ್ಣಿನ ಮಗಳನ್ನು ಹೆಗಲಿಗೇರಿಸಿಕೊಂಡು ಹೋದಳು.

ಆಯಮ್ಮ ಒಂದೇ ಕಪ್ಪಿನಲ್ಲಿ ಅಳೆದು ಇಬ್ಬರಿಗೂ ಟೀ ಸುರಿದಳು. ಟೀಚರಿಗೆ ಅಗಲದ ಲೋಟ, ತನಗೆ ಉದ್ದದ್ದು. ಟೀಚರ್ ತನ್ನ ಲೋಟ ನೋಡಿದಳು. ಆಮೇಲೆ ಆಯಮ್ಮನದು. ಮತ್ತೆ ತನ್ನದು.

ಟೀಚರ್: ನಾನೇನೂ ಅನ್ನಲಿಲ್ಲ.

ಆಯಮ್ಮ: ಅನ್ನಬೇಡಿ. ಉದ್ದದ್ದೇ ತಗೊಳ್ಳಿ. ಮುಂದಿನ ತರಗತಿಗೆ ನಿಮ್ಮನ್ನ ಒಂದು ವರ್ಷ ಬಿಟ್ಟು ನೋಡೋಣ.