ಬಾರಿಕ್ ಬಾಬುವಿನ ಕೊನೆಯ ದೃಶ್ಯ

ಗಂಡನ ಅಂತ್ಯಕ್ರಿಯೆಯ ಮರುದಿನ ಶುಕ್ರವಾರ, ಜಪಾನೀ ಬಡಾವಣೆ ಫುನಾಬೊರಿಯಲ್ಲಿ ಸುಡುವ ಕಸ ಒಯ್ಯುವ ದಿನ. ಯಾರು ಸತ್ತರೂ ಎಂಟು ಗಂಟೆಯೊಳಗೆ ಚೀಲ ಕೆಳಗಿರಬೇಕು. ಶರಣ್ಯಾ ಚೀಲ ಇಟ್ಟು ತಿರುಗುವಷ್ಟರಲ್ಲಿ ನಾಲ್ಕನೇ ಮಹಡಿಯ ಜಾಹ್ನವಿ ಎರಡು ಮಾಸ್ಕುಗಳ ಹಿಂದಿನಿಂದ ಕೇಳಿದಳು:

"ಗಿರಿಧರ್‌ಗೆ ಹಾರ್ಟೇ ತಾನೇ ಕಣೇ? ಕೊರೊನಾ ಅಲ್ವಲ್ಲ?"

"ಹಾರ್ಟೇ. ಸರ್ಟಿಫಿಕೇಟ್ ತೋರಿಸಲಾ?"

"ಅಯ್ಯೋ, ಹಂಗಲ್ಲ..." ಎನ್ನುತ್ತಲೇ ಜಾಹ್ನವಿ ಲಿಫ್ಟಿನೊಳಗೆ ಮಾಯವಾದಳು.

ಹತ್ತು ಗಂಟೆಗೆ ಕನ್ನಡ ಬಳಗದ ಅಧ್ಯಕ್ಷ ದ್ವಾರಕಾನಾಥ ಬಂದರು. ಮುಖಕ್ಕೆ ಪ್ಲಾಸ್ಟಿಕ್ ಕವಚ, ಕೈಯಲ್ಲಿ ಸಾರಿನ ಡಬ್ಬಿ. ವೆಲ್ಡಿಂಗ್ ಬಿಟ್ಟು ಅಡುಗೆಗೆ ಇಳಿದವರ ಹಾಗಿದ್ದರು.

"ಭಾನುವಾರ ಝೂಮಲ್ಲಿ ಶ್ರದ್ಧಾಂಜಲಿ ಇಟ್ಕೊಂಡಿದೀವಮ್ಮ. ಗಿರಿ ಟ್ರಾನ್ಸ್‌ಲೇಟ್ ಮಾಡ್ತಿದ್ದ ಒಡಿಯಾ ನಾಟಕ ಆಡ್ತೀವಿ. ಕೊನೇ ಅಂಕ ಬಾಕಿ ಇದೆಯಂತೆ. ಆ ಹಳೇ ಪ್ರತಿ ಕೊಡು, ನಮ್ಮ ಆಫೀಸಲ್ಲಿ ಒಡಿಯಾದವರೊಬ್ಬರು ಓದಿ ಹೇಳ್ತಾರೆ."

ನಾಟಕ ಕುಳಮಣಿ ಬಾರಿಕ್ ಎಂಬವರದು. ಕಟಕ್‌ನ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತುತ್ತಲೇ, ರಾಜರಾಣಿಯರನ್ನು ರಂಗದಿಂದ ಓಡಿಸಿ, ಒಂದು ಕುರ್ಚಿ ಒಂದು ಬಲ್ಬು ಇಟ್ಟು ನಾಟಕ ಕಟ್ಟಿದ ಮನುಷ್ಯ. ಒಮ್ಮೆ ನಿರ್ದೇಶಕನೊಬ್ಬ ನಡುವೆ ಹಾಡು ತುರುಕಿದ್ದಕ್ಕೆ, ಪ್ರೇಕ್ಷಕರ ಸಾಲಿನಿಂದ ಎದ್ದುಹೋಗಿ ತಾವೇ ಪರದೆ ಎಳೆದುಬಿಟ್ಟರಂತೆ. ಭುವನೇಶ್ವರದಲ್ಲಿ ಕೆಲಸದಲ್ಲಿದ್ದಾಗ ಒಡಿಯಾ ಕಲಿತ ಗಿರಿಧರ್ ಈ ಕತೆಯನ್ನು ಊಟಕ್ಕೆ ಬಂದವರಿಗೆಲ್ಲ ಉಪ್ಪಿನಕಾಯಿಯಂತೆ ಬಡಿಸುತ್ತಿದ್ದ. ಬಾರಿಕ್ ಅವರ ಕೊನೆಯ ನಾಟಕ ಅಚ್ಚಾಗಲೇ ಇಲ್ಲ. ಇದ್ದ ಒಂದೇ ಕೈಬರಹದ ಪ್ರತಿಯನ್ನು ಅವರು ಕಟಕ್‌ಗೆ ಒಡಿಯಾ ಓದಲು ಬಂದಿದ್ದ ಜಪಾನೀಯ ಮುರಾತಾ ಸಾನ್‌ಗೆ ಕೊಟ್ಟಿದ್ದರು. ಈಗ ಗ್ಯೋಟೋಕುವಿನಲ್ಲಿರುವ ಆ ನಿವೃತ್ತ ಮೇಷ್ಟ್ರಿಂದ ಗಿರಿಧರ್ ಅದನ್ನು ಎರವಲು ತಂದಿದ್ದ.

"ಕೊನೇ ದೃಶ್ಯದಲ್ಲಿ ಮಾತೇ ಇಲ್ಲವಲ್ಲ ಸಾರ್. ವಿಧವೆ ಹನ್ನೊಂದು ನಿಮಿಷ ಸುಮ್ಮನೆ ಕೂತಿರ್ತಾಳೆ, ಅಷ್ಟೇ" ಎಂದಳು ಶರಣ್ಯಾ.

"ಅದೇ ಪ್ರಾಬ್ಲಮ್ಮು! ಝೂಮಲ್ಲಿ ಸುಮ್ನೆ ಕೂತ್ರೆ ನೆಟ್‌ವರ್ಕ್ ಹೋಯ್ತು ಅಂತ ಜನ ಎದ್ದೋಗ್ತಾರೆ. ಅಲ್ಲೊಂದು ಭಾವಗೀತೆ ಹಾಕ್ತೀವಿ. ಮತ್ತೆ ಆ ಪಾತ್ರ..." ದನಿ ತಗ್ಗಿಸಿದರು. "ನೀನೇ ಮಾಡಮ್ಮ. ಮೇಕಪ್ಪೂ ಬೇಕಾಗಲ್ಲ."

ವಾರದಿಂದ ಮರಗಟ್ಟಿದ್ದ ಶರಣ್ಯಾಗೆ ಮೈಯೆಲ್ಲ ಉರಿಯಿತು.

"ಪ್ರತಿ ಅವರ ದಿಂಬಿನ ಪಕ್ಕದಲ್ಲೇ ಇತ್ತು ಸಾರ್. ಅದರ ಮೇಲೇ ಕೆಮ್ಮಿದ್ರು. ತರಲಾ?"

"ಹಾರ್ಟ್ ಅಂದಿದ್ದೆ?"

"ಹಾರ್ಟ್ ಇದ್ದವರು ಕೆಮ್ಮಬಾರದಾ?"

ದ್ವಾರಕಾನಾಥ ಡಬ್ಬಿಯನ್ನು ಹೊಸ್ತಿಲಲ್ಲೇ ಇಟ್ಟು, ಅದಕ್ಕೂ ಸ್ಯಾನಿಟೈಸರ್ ಹೊಡೆದು, ಮೆಟ್ಟಿಲ ಕೆಳಗಿನಿಂದ ಕೂಗಿದರು: "ಸಂಜೆ ನಮ್ಮ ಬಳಗದ ಹುಡುಗ ಕಿರಣನ್ನ ಕಳಿಸ್ತೀನಿ, ಗ್ಲೌಸ್ ಹಾಕ್ಕೊಂಡು ತಗೊಂಡೋಗ್ತಾನೆ!"

ಸಂಜೆಯೊಳಗೆ ಪ್ರತಿ ಮುರಾತಾ ಸಾನ್ ಕೈ ಸೇರಬೇಕು. ಸತ್ತುಹೋದ ಬಾರಿಕ್ ಅವರ ನಾಟಕಕ್ಕೆ ಹಾಡು ಅಂಟಿಸಲು ಇವರು ಯಾರು? ಶರಣ್ಯಾ ಅದನ್ನು ಬಿಚ್ಚಿಯೂ ನೋಡದೆ ಬಟ್ಟೆಯಲ್ಲಿ ಸುತ್ತಿ, ನಿಶಿ-ಕಸಾಯಿಯ ಬಸ್ಸು ಹತ್ತಿದಳು. ಅಲ್ಲಿಂದ ಗ್ಯೋಟೋಕುವಿಗೆ ರೈಲು.

ಬಸ್ಸು ಎರಡು ಸ್ಟಾಪ್ ದಾಟುವಷ್ಟರಲ್ಲಿ ಬಳಗದ ಗ್ರೂಪಿನಲ್ಲಿ ಅವಳು 'ಪಾಸಿಟಿವ್' ಆಗಿದ್ದಳು. ಜಾಹ್ನವಿಯ ಫೋನು:

"ಎಲ್ಲಿದೀಯೇ? ಕ್ವಾರಂಟೈನಲ್ಲಿ ಇರ್ಬೇಕಲ್ವೇನೇ?"

"ನಂಗೇನೂ ಆಗಿಲ್ಲ!"

"ಯಾವ ಬಸ್ಸು ಹೇಳು, ಎಲ್ರಿಗೂ ಮೆಸೇಜ್ ಹಾಕ್ತೀನಿ."

"ಹಾಕು! ಪೇಪರಿಗೂ ಹಾಕು!" ಎಂದು ಶರಣ್ಯಾ ಕಿರುಚಿದಳು. ಇಡೀ ಬಸ್ಸು ತಿರುಗಿತು. ಅಜ್ಜಿಯೊಬ್ಬರು 'ಬಸ್ಸಿನಲ್ಲಿ ಮಾತು ಬೇಡ' ಎಂಬ ಚೀಟಿಯತ್ತ ಬೆರಳು ತೋರಿದರು. "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಮೂರು ಸಲ ಬಾಗಿ, ಅವಳು ಉಸಿರೂ ಬಿಗಿಹಿಡಿದು ಕೂತಳು.

ಮುರಾತಾ ಸಾನ್ ಬಾಗಿಲಲ್ಲೇ ಎರಡೂ ಕೈಯಲ್ಲಿ ಪ್ರತಿ ತೆಗೆದುಕೊಂಡು, ತಲೆಬಾಗಿ, ಒಂದೊಂದೇ ಹಾಳೆ ಸರಿಸಿದರು. ಕೊನೆಯ ಹಾಳೆಯಲ್ಲಿ ಅವರ ಬೆರಳು ನಿಂತಿತು.

"ಶರಣ್ಯಾ ಸಾನ್, ಇದು ಒಡಿಯಾ ಅಲ್ಲ. ಏನು ಬರೆದಿದೆ?"

ಬಾರಿಕ್ ಅವರ ಅಕ್ಷರಗಳ ಮೇಲೆ ಅಡ್ಡಡ್ಡ, ಕೆಂಪು ಪೆನ್ನಿನಲ್ಲಿ, ಗಿರಿಧರನ ಕನ್ನಡ: 'ಹನ್ನೊಂದು ನಿಮಿಷ ತೀರಾ ಬೋರು. ಇಲ್ಲೊಂದು ಹಾಡು ಬೇಕು. ಪಾತ್ರಕ್ಕೆ ಶರಣ್ಯಾ. ಅವಳು ಸುಮ್ಮನಿರುವುದಂತೂ ಆಗದ ಮಾತು. ದ್ವಾರಕಾನಾಥರಿಗೆ ಹೇಳಿದ್ದೇನೆ.'

ಆರು ವರ್ಷದ ಸಂಸಾರದಲ್ಲಿ ಮೊದಲ ಸಲ ನ್ಯಾಯವೆಲ್ಲ ಅವಳ ಕಡೆಗಿತ್ತು. ಜಗಳಕ್ಕೆ ಆಳೇ ಇರಲಿಲ್ಲ.

"ಹಾಡು ಬೇಕಂತೆ. ನನ್ನ ಗಂಡನಿಗೆ" ಎಂದಳು.

ಮುರಾತಾ ಸಾನ್ ಕನ್ನಡಕ ತೆಗೆದು, ಅಕ್ಷರಗಳನ್ನು ಹತ್ತಿರದಿಂದ ನೋಡಿದರು. ಅವರ ಮುಖ ಅರಳಿತು. "ಚಿಂತೆಯಿಲ್ಲ. ಇದು ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಸಿಗುವ, ಉಜ್ಜಿದರೆ ಹೋಗುವ ಶಾಯಿ. ಒಂದು ನಿಮಿಷದ ಕೆಲಸ. ನೀವೇ ಅಳಿಸಿ" ಎಂದು ಹಾಳೆಯನ್ನೂ ರಬ್ಬರನ್ನೂ ಅವಳ ಕೈಗಿಟ್ಟರು.

ಶರಣ್ಯಾ ರಬ್ಬರನ್ನು ಕೆಂಪು ಅಕ್ಷರಗಳ ಹತ್ತಿರ ಒಯ್ದಳು. 'ಶರಣ್ಯಾ'ದ ಮೇಲೆ ಹಿಡಿದಳು. ಹಿಡಿದೇ ಇದ್ದಳು.

ಆಮೇಲೆ ಬಗ್ಗಿ, ಹಾಳೆಯನ್ನು ಇದ್ದ ಹಾಗೆಯೇ, ಎರಡೂ ಕೈಯಲ್ಲಿ ಅವರಿಗೆ ಹಿಂತಿರುಗಿಸಿದಳು.