ತಿರುವಿನಲ್ಲಿ ಟಕ್ ಟಕ್

ಹೂಳುವ ಮೊದಲೇ ಯಾರೂ ನನ್ನ ಗಾಡಿಯೊಂದಿಗೆ ಕೆಸರಲ್ಲಿ ಹೂತುಕೊಳ್ಳಕೂಡದು ಎಂದು ನಾನು ಘೋಷಿಸಿಯೇಬಿಟ್ಟೆ!

ನಾನು, ನನ್ನ ಹೆಂಡತಿ ನಡೆಸುವುದು ಅಂತಿಮಯಾತ್ರೆಯ ಪಿಕಪ್ಪು. ಸ್ಮಶಾನದ ಗೇಟಿನ ಮುಂದೆ ಸದಾ ಕೆಸರು. ಅಲ್ಲಿ ಹಿಂದಿನ ಒಂದು ಚಕ್ರ ಗಿರ್ರನೆ ತಿರುಗುತ್ತಿತ್ತು, ಇನ್ನೊಂದು ತನಗೂ ಗಾಡಿಗೂ ಸಂಬಂಧವೇ ಇಲ್ಲವೆಂಬಂತೆ ನಿಂತಿರುತ್ತಿತ್ತು. ಅಳುತ್ತಿದ್ದವರು ಅಳು ನಿಲ್ಲಿಸಿ ಬಂದು ತಳ್ಳಬೇಕು. ನೋಡಿ ನೋಡಿ ನನಗೇ ನಾಚಿಕೆಯಾಗಿತ್ತು.

"ಎರಡೂ ಚಕ್ರ ಒಟ್ಟಿಗೆ ತಿರುಗೋ ಹಾಗೆ ಡಿಫರೆನ್ಷಿಯಲ್ ಲಾಕ್ ಹಾಕೋಣ," ಎಂದ ಮೆಕ್ಯಾನಿಕ್. "ಎರಡು ಥರ ಇದೆ. ಒಂದು ಸ್ವಿಚ್ಚಿಂದು, ಬೇಕಾದಾಗ ಮಾತ್ರ ಒತ್ತೋದು. ಇನ್ನೊಂದು ಯಾವಾಗ್ಲೂ ಲಾಕ್ ಆಗೇ ಇರುತ್ತೆ, ತಿರುವಲ್ಲಿ ಮಾತ್ರ ಬಿಟ್ಕೊಳ್ಳುತ್ತೆ. ಆಗ ಸ್ವಲ್ಪ ಸದ್ದು ಮಾಡುತ್ತೆ."

"ನಮ್ಮ ಕೆಲಸಕ್ಕೆ ಸದ್ದು ಆಗಿಬರಲ್ಲ. ಸ್ವಿಚ್ಚಿಂದೇ ಹಾಕ್ಸಿ," ಎಂದಳು ಹೆಂಡತಿ.

"ಒತ್ತೋದು ಮರೆತ್ರೆ?" ಎಂದೆ ನಾನು.

"ಪಕ್ಕದಲ್ಲಿ ನಾನಿರ್ತೀನಲ್ಲ, ನೆನಪಿಸ್ತೀನಿ."

"ಅದಕ್ಕೇ ಸ್ವಿಚ್ಚು ಬೇಡ ಅನ್ನೋದು!"

ಹೀಗೆ ಮಹಾಚಿಂತನೆ ನಡೆಸಿ, ತಾನಾಗಿ ಕೆಲಸ ಮಾಡುವ ಲಾಕನ್ನೇ ಹಾಕಿಸಿದೆ. ಅವಳು ಮುಖ ಊದಿಸಿಕೊಂಡಳು.

ಆ ಲಾಕಿನ ಮೊದಲ ಯಾತ್ರೆ ನಿವೃತ್ತ ಹೆಡ್‌ಮಾಸ್ತರರದು. ಜನಸಾಗರ! ಅವರ ಹೆಂಡತಿ ಶವಪೆಟ್ಟಿಗೆಯ ಮೇಲೆ ಒಂದು ಕೈಯಿಟ್ಟುಕೊಂಡು ಗಾಡಿಯ ಪಕ್ಕದಲ್ಲೇ ನಡೆಯುತ್ತಿದ್ದರು. ಒಬ್ಬರೂ ಪಿಟಕ್ಕೆನ್ನುತ್ತಿರಲಿಲ್ಲ. ಅಂಚೆ ಕಚೇರಿಯ ಮೂಲೆಯಲ್ಲಿ ನಾನು ಗಂಭೀರವಾಗಿ ಗಾಡಿ ತಿರುಗಿಸಿದೆ.

ಟಕ್. ಟಕ್. ಟಕ್ ಟಕ್. ಢಂ!

ಮೆರವಣಿಗೆ ನಿಂತಿತು. ತಲೆ ಬೋಳಾದ ಹಳೇ ಶಿಷ್ಯರು ತಟ್ಟನೆ ಕೈಕಟ್ಟಿ ನಿಂತರು. "ಸಾರ್ ಒಳಗಿಂದ ಬಡೀತಿದ್ದಾರೆ!" ಎಂದು ಒಬ್ಬ ಕಿರುಚಿದ. ಹಿಂದಿನ ಸಾಲು ಕಾಲಿಗೆ ಬುದ್ಧಿ ಹೇಳಿತು.

"ಸ್ವಲ್ಪ ಸದ್ದು ಅಂದ್ರೆ ಇದೇನಾ?" ಎಂದು ಹೆಂಡತಿ ಹಲ್ಲು ಕಡಿದಳು.

ಕನ್ನಡಿಯಲ್ಲಿ ಆ ಅಮ್ಮ ಕಾಣುತ್ತಿದ್ದರು. ಪೆಟ್ಟಿಗೆಗೆ ಕಿವಿಯಾನಿಸಿ, "ರೀ... ರೀ, ಇದ್ದೀರಾ?" ಎನ್ನುತ್ತಿದ್ದರು. ಆ ಮುಖದಲ್ಲಿ ಆಸೆ ಮೂಡಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಇಳಿದು ಹೋದೆ, ನಾನೇ ಹೇಳಬೇಕಿತ್ತು.

"ಅಮ್ಮಾ, ಕ್ಷಮಿಸಿ. ಅದು ಮಾಸ್ತರರಲ್ಲ. ನಮ್ಮ ಗಾಡಿಯ ಚಕ್ರಕ್ಕೆ ಹೊಸದಾಗಿ ಹಾಕ್ಸಿರೋ ಲಾಕು. ತಿರುವಲ್ಲಿ ಸದ್ದು ಮಾಡುತ್ತೆ."

ಅವರು ನಿಧಾನವಾಗಿ ಕಣ್ಣೊರೆಸಿಕೊಂಡರು. ನನ್ನನ್ನೊಮ್ಮೆ, ಗಾಡಿಯೊಳಗೆ ಕೆಂಡದಂತೆ ಕೂತಿದ್ದ ನನ್ನ ಹೆಂಡತಿಯನ್ನೊಮ್ಮೆ ನೋಡಿದರು.

"ಅವಳು ಬೇಡ ಅಂದಿರ್ಬೇಕಲ್ಲಪ್ಪಾ?"

ನಾನು ತಲೆ ತಗ್ಗಿಸಿದೆ.

"ಇವರಿಗೂ ಹೇಳ್ದೆ, ಎದೆನೋವು ಅಂತೀರಿ, ಡಾಕ್ಟರ ಹತ್ರ ಹೋಗೋಣ ಅಂತ. ‘ನಂಗೊತ್ತು, ನೀನು ಸುಮ್ನಿರು’ ಅಂದ್ರು." ಅವರು ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿದರು. "ಈಗ ನೋಡು, ಸುಮ್ನಿರೋದು ಯಾರು."