ಬಿಚ್ಚದ ಡಿಸ್ಕಿನ ಬಗ್ಗೆ ಕಾರ್ಯದರ್ಶಿಯ ವರದಿ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಸಂಯುಕ್ತ ಗೃಹಚಿತ್ರ ರಸಿಕರ ಸಂಘದ ಸದಸ್ಯರು ಈ ತಿಂಗಳಲ್ಲಿಯೂ ಯಾವುದೇ ಸಿನಿಮಾವನ್ನು ನೋಡಿರುವುದಿಲ್ಲ ಎಂದು ತಿಳಿಸಲು ಹರ್ಷಿಸುತ್ತೇನೆ. ನಾನು ವಿಷ್ಣುಪ್ರಸಾದ್, ಸಂಘದ ಕಾರ್ಯದರ್ಶಿ. ನಾನು ದೊಡ್ಡ ಸಿನಿಮಾ ಪ್ರೇಮಿ ಎಂಬ ಸಂಗತಿ ಕಬಕದಿಂದ ಜಾಲ್ಸೂರಿನವರೆಗೆ ಎಲ್ಲರಿಗೂ ಗೊತ್ತು. ಹೇಳಿದವನು ನಾನೇ.

ಹೊರಗಿನವರಿಗಾಗಿ ಒಂದು ಸ್ಪಷ್ಟೀಕರಣ. ನಮ್ಮ ಸಂಘವು ಸಿನಿಮಾ ಡಿಸ್ಕುಗಳನ್ನು ಸಂಗ್ರಹಿಸುತ್ತದೆ. ಈಗ ಎಲ್ಲರೂ ಮೊಬೈಲಿನಲ್ಲಿ ನೋಡುವ ಕಾಲ. ಆದರೆ ಮೊಬೈಲಿನಲ್ಲಿ ನೋಡಿದ ಸಿನಿಮಾವನ್ನು ಕಪಾಟಿನಲ್ಲಿ ಸಾಲಾಗಿ ಇಡಲಿಕ್ಕಾಗುವುದಿಲ್ಲ, ಬಂದ ನೆಂಟರಿಗೆ ತೋರಿಸಿ ಅವರನ್ನು ಬೇಗ ಹೊರಡಿಸಲಿಕ್ಕೂ ಆಗುವುದಿಲ್ಲ. ಶುರುವಿನಲ್ಲಿ ನಾವೂ ಡಿಸ್ಕು ತರಿಸಿ ನೋಡುತ್ತಿದ್ದೆವು. ಒಂದು ಮಳೆಗಾಲದಲ್ಲಿ ಬಿಚ್ಚಿದ ಡಿಸ್ಕುಗಳಿಗೆಲ್ಲ ಬೂಷ್ಟು ಹಿಡಿಯಿತು. ಬಿಚ್ಚದವು ಮಾತ್ರ ಪ್ಲಾಸ್ಟಿಕ್ ಹೊದಿಕೆಯೊಳಗೆ ಹೊಸದಾಗಿಯೇ ಉಳಿದವು. ಆದ್ದರಿಂದ, ಸಂಘಕ್ಕೆ ಬಂದ ಡಿಸ್ಕಿನ ಹೊದಿಕೆಯನ್ನು ಯಾವ ಕಾರಣಕ್ಕೂ ಬಿಚ್ಚತಕ್ಕದ್ದಲ್ಲ ಎಂಬ ನಿಯಮವನ್ನು ನಾನು ಬರೆದೆ. ಪ್ಲೇಯರನ್ನೂ ಅದರ ಪೆಟ್ಟಿಗೆಗೆ ತುಂಬಿ ಟೇಪು ಅಂಟಿಸಿದೆವು. ಅಂದಿನಿಂದ ನಮ್ಮ ಸಿನಿಮಾ ಪ್ರೇಮಕ್ಕೆ ಯಾವ ಅಡ್ಡಿಯೂ ಬಂದಿಲ್ಲ.

ಕಡಬದ ಬೋಜಪ್ಪನವರು ಮಾತ್ರ ಒಂದು ಡಿಸ್ಕನ್ನು ಮನೆಗೆ ಒಯ್ದು, ಬಿಚ್ಚಿ, ನೋಡಿಯೇಬಿಟ್ಟರು. ವಿಚಾರಣೆಯಲ್ಲಿ ಕೇಳಿದರೆ, "ಚೆಂದ ಇತ್ತು ಮಾರಾಯ್ರೆ" ಎಂದರು. ಪಶ್ಚಾತ್ತಾಪದ ಲಕ್ಷಣ ಕಾಣದಿದ್ದುದರಿಂದ ಅವರ ಸದಸ್ಯತ್ವವನ್ನು ಅಮಾನತಿನಲ್ಲಿಡಲಾಯಿತು.

ಕುಂಬ್ರದಲ್ಲಿರುವ ಸಾಹುಲ್ ಹಮೀದ್ ಅವರ ಮೊಬೈಲ್ ಅಂಗಡಿಯ ಮಾಳಿಗೆಯೇ ನಮ್ಮ ಕಚೇರಿ. ಅವರು ಅಧ್ಯಕ್ಷರು, ಏಕೆಂದರೆ ಕಪಾಟು ಅವರದು. ಪ್ರತಿ ತಿಂಗಳೂ ಅಲ್ಲಿ ಸಭೆ ಸೇರಿ 'ಈ ತಿಂಗಳ ಗಮನಾರ್ಹ ಬಿಡುಗಡೆಗಳು' ಎಂಬ ಪ್ರಕಟಣೆ ಹೊರಡಿಸುತ್ತೇವೆ. ವಿಮರ್ಶೆ ಬರೆಯುವವನು ನಾನು. ಹಿಂದಿನ ತಿಂಗಳುಗಳಿಂದ ಎರಡು ಮಾದರಿ:

'ಜಪಾನಿನ ದೋಣಿಗಾರನೊಬ್ಬನ ಚಿತ್ರ. ಪೆಟ್ಟಿಗೆ ಗಟ್ಟಿಯಾಗಿದೆ. ಹಿಂಬದಿಯ ಬರಹವನ್ನು ಓದಲು ಬಾರದ ಕಾರಣ ಕಥೆ ಆಳವಾಗಿದೆ ಎಂದು ತಿಳಿಯತಕ್ಕದ್ದು.'

'ಫ್ರಾನ್ಸಿನ ಚಿತ್ರ. ಮುಖಪುಟದಲ್ಲಿ ಒಬ್ಬ ಹೆಂಗಸು ಕಿಟಕಿಯಿಂದ ಹೊರಗೆ ನೋಡುತ್ತಿದ್ದಾಳೆ. ಆಕೆ ಏನು ನೋಡುತ್ತಿದ್ದಾಳೆ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ.'

ಈ ಎರಡನೆಯ ವಿಮರ್ಶೆಯನ್ನು ಒಬ್ಬ ಕಾಲೇಜು ಉಪನ್ಯಾಸಕರು ಬಹಳ ಮೆಚ್ಚಿಕೊಂಡರು. ನಾನೂ ಮೆಚ್ಚಿಕೊಂಡೆ.

ಈ ತಿಂಗಳು ಮಾತ್ರ ತೊಂದರೆಯಾಯಿತು. ನಮಗೆ ಡಿಸ್ಕುಗಳು ಬರುವುದು ಅಧ್ಯಕ್ಷರ ಮಗ ಶಾನವಾಝ್ ಶಾರ್ಜಾದಿಂದ ಬರುವಾಗ. ಈ ಸಲ ಅವನ ಪೆಟ್ಟಿಗೆಯಲ್ಲಿ ಹಾಲಿನ ಪುಡಿ, ಸೆಂಟು, ಖರ್ಜೂರಗಳೇ ತುಂಬಿ, ವಿಶ್ವ ಸಿನಿಮಾಕ್ಕೆ ಜಾಗ ಸಾಲಲಿಲ್ಲ. ಪ್ರಕಟಣೆ ಹೊರಡದಿದ್ದರೆ ನನ್ನ ಮರ್ಯಾದೆಯ ಗತಿಯೇನು ಎಂದು ನಾನು ಚಿಂತೆಯಲ್ಲಿದ್ದಾಗ, ಖಜಾಂಚಿ ಕುಕ್ಕಪ್ಪನವರು ಚೀಲದಿಂದ ಒಂದು ಡಿಸ್ಕು ತೆಗೆದು ಮೇಜಿನ ಮೇಲಿಟ್ಟರು.

ಅದು ಅವರ ಮದುವೆಯ ವಿಡಿಯೋ. ಹಿಂದೆ ಸಾಹುಲ್ ಹಮೀದ್ ಮದುವೆಗಳ ವಿಡಿಯೋ ತೆಗೆಯುತ್ತಿದ್ದರು. ಅದನ್ನು ಕತ್ತರಿಸಿ ಜೋಡಿಸುವ ಕೆಲಸ ಅವರ ಹೆಂಡತಿ ಮೈಮೂನಾ ಅವರದು. ಮೊನ್ನೆ ಅಟ್ಟ ಗುಡಿಸುವಾಗ ಕುಕ್ಕಪ್ಪನವರ ಹಳೆಯ ಟೇಪು ಸಿಕ್ಕಿ, ಮೈಮೂನಾ ಅದನ್ನು ಡಿಸ್ಕಿಗೆ ಏರಿಸಿದರು. ಏರಿಸಿ ಮುಗಿದದ್ದೇ ಟೇಪು ತುಂಡಾಯಿತು. ಮರುದಿನ ಸಿಡಿಲಿಗೆ ಕಂಪ್ಯೂಟರು ಸುಟ್ಟಿತು. ಲೋಕದಲ್ಲಿ ಉಳಿದದ್ದು ಆ ಒಂದೇ ಪ್ರತಿ. ಮೊಬೈಲ್ ಪೆಟ್ಟಿಗೆಗಳಿಗೆ ಹೊದಿಕೆ ಹಾಕುವ ಯಂತ್ರ ಅಂಗಡಿಯಲ್ಲಿ ಇದ್ದುದರಿಂದ ಅಧ್ಯಕ್ಷರು ಇದಕ್ಕೂ ಚಂದದ ಹೊದಿಕೆ ಹಾಕಿ, ಮುಂದೆ ಒಂದು ಚಿತ್ರವನ್ನೂ ಅಂಟಿಸಿದ್ದರು. ವಧುವಿನ ಹಿಂದೆ ನಿಂತು ಬಾಯಿ ತೆರೆದು ಹಾಡುತ್ತಿರುವ ಒಬ್ಬ ಹೆಂಗಸು, ವಧುವಿನ ತಾಯಿ ಶಂಕರಿ.

"ಸುಮ್ಮನೆ ತೋರಿಸ್ಲಿಕ್ಕೆ ತಂದದ್ದು" ಎಂದರು ಕುಕ್ಕಪ್ಪ.

ನಾನು ಕೂಡಲೇ ಪ್ರಕಟಣೆ ಬರೆದೆ: 'ಕುಕ್ಕಪ್ಪ–ಶೀಲಾವತಿ ವಿವಾಹ. ಪುನಶ್ಚೇತನಗೊಂಡ ಆವೃತ್ತಿ. ಅತ್ಯಂತ ವಿರಳ.' ಪ್ರಕಟಣೆಯಲ್ಲಿ ಸೇರಿದ ಡಿಸ್ಕು ಸಂಘದ ಆಸ್ತಿಯಾಗುತ್ತದೆ ಎಂಬುದು ನಿಯಮ. ಕುಕ್ಕಪ್ಪನವರು ಹೆಮ್ಮೆಯಿಂದ ಸಹಿ ಹಾಕಿದರು. ಕಪಾಟಿಗೆ ಬೀಗ ಬಿತ್ತು.

ಮುಂದಿನ ವಾರವೇ ಶೀಲಾವತಿಯವರು ಸುಳ್ಯದಿಂದ ಬಸ್ಸು ಹತ್ತಿ ಕುಂಬ್ರಕ್ಕೆ ಬಂದರು. ತುರ್ತು ಸಭೆ ಕರೆಯಲಾಯಿತು.

"ಮಗಳ ಮದುವೆ ಉಂಟಲ್ಲ ವಿಷ್ಣುಪ್ರಸಾದಣ್ಣ," ಎಂದರು. "ನಮ್ಮಲ್ಲಿ ಮದುವೆಗೆ ಹೆಂಗಸರು ಶೋಭಾನೆ ಹೇಳುದು. ನನ್ನ ಮದುವೆಗೆ ಅಮ್ಮ ಹೇಳಿದ್ದು ಅದರಲ್ಲಿ ಉಂಟು. ಅಮ್ಮ ಹೋದ ವರ್ಷ ತೀರಿಕೊಂಡ್ರು. ಅವರದ್ದೇ ಶೋಭಾನೆ ಭವಿತಾಳಿಗೆ ನಾನು ಹೇಳ್ಬೇಕು ಅಂತ. ನನಗೆ ಅರ್ಧ ಮಾತ್ರ ಬರುದು. ಒಂದು ಸಲ ಹಾಕಿ ಕೇಳಿಸಿದ್ರೆ ಸಾಕು."

"ಹಾಕಬೇಕಾದರೆ ಬಿಚ್ಚಬೇಕಾಗುತ್ತದೆ" ಎಂದು ನಾನು ವಿಷಯದ ಗಂಭೀರತೆಯನ್ನು ವಿವರಿಸಿದೆ.

"ಬಿಚ್ಚಿ. ಅದಕ್ಕೆ ಎಂತ?"

ಹೀಗೆ ಬಾಯಿಬಿಟ್ಟು ಕೇಳುವವರು ನಮ್ಮ ಕಚೇರಿಗೆ ಅದುವರೆಗೆ ಬಂದಿರಲಿಲ್ಲ.

"ಬಿಚ್ಚಿದರೆ ಅದು ಬರೀ ಮದುವೆ ವಿಡಿಯೋ ಆಗ್ತದೆ. ಈಗ ಅದು ಅಪೂರ್ವ ಕೃತಿ" ಎಂದೆ.

"ಅದು ನನ್ನ ಅಮ್ಮ" ಎಂದರು ಶೀಲಾವತಿ.

ಖಜಾಂಚಿಯವರ ಅಭಿಪ್ರಾಯ ಕೇಳಲಾಯಿತು. ಕುಕ್ಕಪ್ಪ ಬೆವರು ಒರೆಸಿಕೊಂಡು, "ಖಜಾಂಚಿಯಾಗಿ ನನ್ನ ವಿರೋಧ ಉಂಟು. ಗಂಡನಾಗಿ ಬೆಂಬಲ ಉಂಟು" ಎಂದರು.

"ಎರಡರಲ್ಲಿ ಒಂದು ಹೇಳಿ ಕುಕ್ಕಪ್ಪಣ್ಣ" ಎಂದರು ಅಧ್ಯಕ್ಷರು.

"ಒಂದು ಹೇಳಿದ್ರೆ ಮತ್ತೆ ಮನೆಗೆ ಹೋಗುದು ಹೇಗೆ ಹಮೀದಾಕ?"

ಅವರು ತಟಸ್ಥರು ಎಂದು ದಾಖಲಿಸಿಕೊಂಡೆ. ಅಷ್ಟರಲ್ಲಿ ಮೈಮೂನಾ ಚಾ ತಂದರು. ಲೋಟ ಇಡುತ್ತಾ, "ಆ ಪದ್ಯವಾ? ಅದು ನನಗೆ..." ಎಂದು ಏನೋ ಹೇಳಹೊರಟರು. ಸದಸ್ಯರಲ್ಲದವರು ಕಲಾಪದಲ್ಲಿ ಮಾತನಾಡುವಂತಿಲ್ಲ ಎಂಬುದನ್ನು ನಾನು ವಿನಯದಿಂದಲೇ ಅವರ ಗಮನಕ್ಕೆ ತಂದೆ. ಅವರು ನನ್ನ ಮುಖ ಒಮ್ಮೆ ನೋಡಿ, ಚಾ ಇಟ್ಟು, ಕೆಳಗಿಳಿದರು.

ದೀರ್ಘ ಚರ್ಚೆಯ ಬಳಿಕ ಮಾನವೀಯತೆಯ ದೃಷ್ಟಿಯಿಂದ ನಿರ್ಣಯ ಮಾಡಲಾಯಿತು. ಡಿಸ್ಕನ್ನು ಬಿಚ್ಚದೆ, ಕಾರ್ಯದರ್ಶಿಯ ಉಸ್ತುವಾರಿಯಲ್ಲಿ ಮದುವೆ ಮಂಟಪಕ್ಕೆ ಒಯ್ಯುವುದು. ಶೋಭಾನೆಯ ಹೊತ್ತಿಗೆ ಅದನ್ನು ಹರಿವಾಣದಲ್ಲಿಟ್ಟು, ಹಾಡು ಮುಗಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸಭಿಕರು ಮೌನವಾಗಿ ಆಲಿಸತಕ್ಕದ್ದು.

"ಎಂತ ಆಲಿಸುದು?" ಎಂದು ಶೀಲಾವತಿ ಕೇಳಿದರು.

"ಒಳಗೆ ಉಂಟಲ್ಲ" ಎಂದೆ.

ಅವರು ಎದ್ದು ಕಪಾಟಿನ ಬೀಗವನ್ನೊಮ್ಮೆ ಎಳೆದು ನೋಡಿದರು. ಆಮೇಲೆ, "ಹೊರಗೆ ತರ್ತೀರಲ್ಲ, ಅಷ್ಟಾದರೂ ಆಗ್ಲಿ" ಎಂದು ಬಸ್ಸಿಗೆ ಹೊರಟರು. ನಿರ್ಣಯವನ್ನು ಅವರು ಸಂತೋಷದಿಂದ ಸ್ವೀಕರಿಸಿದರೆಂದು ನಾನು ಬರೆದುಕೊಂಡೆ. ಆದರೆ ಮೆಟ್ಟಿಲಿಳಿಯುವಾಗ ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಧೂಳು ಬಿದ್ದಿರಬೇಕೆಂದು ತಿಳಿದೆ.

ಮದುವೆ ಸುಳ್ಯದ ಒಂದು ಸಭಾಭವನದಲ್ಲಿ ನಡೆಯಿತು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಹೋದೆ. ಕೆಲವರು ಅದನ್ನು ಉಡುಗೊರೆ ಎಂದುಕೊಂಡು, ಇಷ್ಟು ಸಣ್ಣದೇ ಎಂಬಂತೆ ನೋಡಿದರು. ಹೊತ್ತಾದಾಗ ವೀಳ್ಯದೆಲೆ ಹರಡಿದ ಹರಿವಾಣದಲ್ಲಿ ಡಿಸ್ಕನ್ನಿಟ್ಟು, ಮೈಕಿನಲ್ಲಿ ಘೋಷಿಸಿದೆ:

"ಈಗ ದಿವಂಗತ ಶಂಕರಿಯವರಿಂದ ಶೋಭಾನೆ. ದಯವಿಟ್ಟು ಎಲ್ಲರೂ ಮೌನವಾಗಿ ಆಲಿಸಬೇಕು."

ಮೈಕಿನಲ್ಲಿ ಹೇಳಿದ್ದನ್ನು ನಮ್ಮ ಕಡೆ ಯಾರೂ ಪ್ರಶ್ನಿಸುವುದಿಲ್ಲ. ವಾಲಗ ನಿಂತಿತು. ಅಡುಗೆಯವರು ಸೌಟು ಇಟ್ಟರು. ಮುಂದಿನ ಸಾಲಿನ ಒಬ್ಬ ಅಜ್ಜ, "ಎಂತದೂ ಕೇಳುದಿಲ್ಲಲ್ಲ?" ಎಂದರು. ಪಕ್ಕದವರು, "ನಿಮ್ಮ ಕಿವಿ ಮಂದ ಆಗಿದೆ. ಸುಮ್ಮನೆ ಕೂತ್ಕೊಳ್ಳಿ" ಎಂದು ಗದರಿದರು. ಅಜ್ಜ ಕಿವಿಗೆ ಕೈ ಹಿಡಿದು, ಸ್ವಲ್ಪ ಹೊತ್ತಿನಲ್ಲಿ ತಲೆಯನ್ನೂ ತೂಗತೊಡಗಿದರು.

ಆಗ ಶೀಲಾವತಿ ಮುಂದೆ ಬಂದು ಹರಿವಾಣದಿಂದ ಡಿಸ್ಕನ್ನು ಎತ್ತಿಕೊಂಡರು. ಮುಖಪುಟದಲ್ಲಿ ಬಾಯಿ ತೆರೆದು ನಿಂತ ಅಮ್ಮನನ್ನು ನೋಡಿದರು. ಹೆಬ್ಬೆರಳಿಂದ ಆ ಮುಖವನ್ನು ಸವರಿದರು. ಆಮೇಲೆ ತಾವೇ ಹಾಡಲು ಶುರು ಮಾಡಿದರು.

ಇದು ನಿರ್ಣಯದಲ್ಲಿ ಇರಲಿಲ್ಲ. ತಡೆಯಬೇಕೆಂದು ನಾನು ಎದ್ದೆ. ಕುಕ್ಕಪ್ಪ ನನ್ನ ಅಂಗಿ ಹಿಡಿದು ಕೂರಿಸಿದರು. ಅವರು ತಟಸ್ಥರಾಗಿ ಉಳಿಯದ ಮೊದಲ ಸಂದರ್ಭ ಇದು.

ಅರ್ಧಕ್ಕೆ ಬಂದು ಹಾಡು ನಿಂತಿತು. ಶೀಲಾವತಿಗೆ ಮುಂದಿನ ಸಾಲು ಬರಲಿಲ್ಲ. ಭವಿತಾ ಅಮ್ಮನ ಕೈ ಹಿಡಿದಳು. ಆಗ ಹೆಂಗಸರ ಸಾಲಿನಿಂದ ಇನ್ನೊಂದು ಸ್ವರ ಮುಂದಿನ ಸಾಲನ್ನು ಮೆಲ್ಲನೆ ಎತ್ತಿಕೊಟ್ಟಿತು. ತಲೆಯ ಮೇಲೆ ಶಾಲು ಹೊದ್ದ ಮೈಮೂನಾ ಕೂತಲ್ಲಿಂದಲೇ ಹೇಳುತ್ತಿದ್ದರು, ಕುಕ್ಕಪ್ಪನವರ ಮನೆಮಾತಾದ ಅರೆಭಾಷೆಯಲ್ಲಿ, ಒಂದು ಪದವೂ ತಪ್ಪದೆ. ಅವರು ಒಂದು ಸಾಲು ಕೊಟ್ಟರು, ಶೀಲಾವತಿ ಹಾಡಿದರು. ಹೀಗೆಯೇ ಕೊನೆಯವರೆಗೂ ಹೋಯಿತು.

ನಾನು ಅತ್ತೆ. ಸಿನಿಮಾ ಪ್ರೇಮಿ ಎಂದು ಇಷ್ಟು ವರ್ಷ ಹೇಳಿಕೊಂಡವನು, ಯಾವ ಡಿಸ್ಕಿನ ಮುಂದೆಯೂ ಅತ್ತವನಲ್ಲ.

ಊಟದ ಹೊತ್ತಿಗೆ ಮೈಮೂನಾ ಅವರನ್ನು ಕೇಳಿದೆ, "ನಿಮಗೆ ಇದು ಹೇಗೆ ಬರ್ತದೆ?"

"ಕಟ್ ಮಾಡಿ ಜೋಡಿಸುವಾಗ ಹಿಂದೆ ಮುಂದೆ ಓಡಿಸಿ ಎಷ್ಟು ಸಲ ಕೇಳ್ಬೇಕು! ಬಾಯಿಪಾಠ ಆಗುದಿಲ್ವಾ? ಆ ದಿನ ಅದನ್ನೇ ಹೇಳ್ಲಿಕ್ಕೆ ಹೊರಟದ್ದು. ನೀವು ಮಾತಾಡ್ಲಿಕ್ಕಿಲ್ಲ ಅಂದ್ರಿ."

ಮರಳಿದ ಮೇಲೆ ಆ ತುರ್ತು ಸಭೆಯ ನಡಾವಳಿಯನ್ನು ತೆರೆದು ನೋಡಿದೆ. ಚಾ ಬಂದದ್ದು ಮಾತ್ರ ದಾಖಲಾಗಿತ್ತು.

ಈ ಎಲ್ಲ ಅಂಶಗಳನ್ನು ಪರಿಗಣಿಸಿ ಸಂಘವು ಹೊರಡಿಸಿರುವ ಪರಿಷ್ಕೃತ ವಿಮರ್ಶೆ ಹೀಗಿದೆ: 'ಕುಕ್ಕಪ್ಪ–ಶೀಲಾವತಿ ವಿವಾಹ. ಈ ತಿಂಗಳ ಅತ್ಯುತ್ತಮ ಬಿಡುಗಡೆ. ಧ್ವನಿ ಎಷ್ಟು ಸ್ಪಷ್ಟವೆಂದರೆ ಹೊದಿಕೆಯ ಒಳಗಿನಿಂದಲೇ ಕೇಳಿಸುತ್ತದೆ.' ಸದಸ್ಯರೆಲ್ಲರೂ ಒಪ್ಪಿದರು. ಮದುವೆಗೆ ಬಂದವರೂ ಒಪ್ಪಿದರು. ತನ್ನ ಕಿವಿ ಸರಿಯಾಯಿತೆಂದು ಆ ಅಜ್ಜ ಊರಿಡೀ ಹೇಳುತ್ತಿದ್ದಾರೆ. ಕಡಬದ ಎರಡು ಮನೆಯವರು ತಮ್ಮ ಮದುವೆಗಳಿಗೂ ಬಿಚ್ಚದ ಡಿಸ್ಕು ಬೇಕೆಂದು ಮುಂಗಡ ಕೊಟ್ಟಿದ್ದಾರೆ. ಒಳಗೆ ಏನಿರಬೇಕೆಂದು ಅವರೂ ಹೇಳಿಲ್ಲ, ನಾವೂ ಕೇಳಿಲ್ಲ.

ಮದುವೆಯ ದಿನ ತಮ್ಮ ಕೈಯಲ್ಲೇ ಉಳಿದಿದ್ದ ಡಿಸ್ಕನ್ನು ಹಿಂದಿರುಗಿಸಲು ಶೀಲಾವತಿಯವರೇ ಕುಂಬ್ರಕ್ಕೆ ಬಂದರು. ಈಗಲಾದರೂ ಬಿಚ್ಚುವುದಾದರೆ ಬಿಚ್ಚಬಹುದು, ನಿಯಮವನ್ನು ನೋಡಿಕೊಳ್ಳೋಣ ಎಂದು ನಾನು ತಲೆ ತಗ್ಗಿಸಿ ಹೇಳಿದೆ.

"ಯಾಕೆ?" ಎಂದರು. "ಕಪಾಟಿನಲ್ಲಿ ಇರ್ಲಿ. ಬೂಷ್ಟು ಹಿಡಿದ್ರೆ ಕಷ್ಟ. ಕೇಳ್ಬೇಕು ಅಂತ ಆದ್ರೆ ಮೈಮೂನಕ್ಕನ ಹತ್ರ ಬರ್ತೇನೆ."

ಅವರು ಕೆಳಗಿಳಿದು ಅಂಗಡಿಯ ಹಿಂದಿರುವ ಮೈಮೂನಾ ಅವರ ಅಡುಗೆಮನೆಗೆ ಹೋದರು. ನಾನು ಡಿಸ್ಕನ್ನು ಬೆಳಕಿಗೆ ಹಿಡಿದು ಪರಿಶೀಲಿಸಿದೆ. ಹೊದಿಕೆ ಹರಿದಿಲ್ಲ. ಶಂಕರಿಯವರ ಮುಖವಿರುವ ಜಾಗದಲ್ಲಿ ಅರಿಶಿನದ ಒಂದು ಹೆಬ್ಬೆರಳ ಗುರುತು ಬಿದ್ದಿದೆ. ಅದನ್ನು ಯಾರೂ ಒರೆಸತಕ್ಕದ್ದಲ್ಲ ಎಂಬ ಹೊಸ ನಿಯಮವನ್ನು ಸಂಘವು ಸರ್ವಾನುಮತದಿಂದ ಅಂಗೀಕರಿಸಿದೆ.